25ರಿಂದ 12.5ಕ್ಕೆ: ಅಮೆರಿಕದ ಪೊಲೀಸ್, ಅಗ್ನಿಶಾಮಕ ರೇಡಿಯೊಗಳ ಚಾನೆಲ್ ಅರ್ಧವಾದ ಬಗೆ

ಅಗ್ಗದ ಬಾಫೆಂಗ್ ಯುವಿ-5ಆರ್ ವಾಕಿಟಾಕಿ ಕೈಗೆ ಸಿಕ್ಕವರು ಅದರ ಐದನೇ ಮೆನುವನ್ನು ನೋಡಿರಬಹುದು. ಅಲ್ಲಿರುವುದು ‘ವೈಡ್’ (25 ಕಿಲೋಹರ್ಟ್ಸ್ ಅಗಲದ ಚಾನೆಲ್), ‘ನ್ಯಾರೋ’ (12.5 ಕಿಲೋಹರ್ಟ್ಸ್) ಎಂಬ ಎರಡೇ ಆಯ್ಕೆ. ಯಾವುದನ್ನಿಟ್ಟರೂ ಒಂದಷ್ಟು ಮಾತು ಕೇಳಿಸುತ್ತದಾದ್ದರಿಂದ ಹೆಚ್ಚಿನವರು ಅದರ ತಂಟೆಗೆ ಹೋಗುವುದಿಲ್ಲ. ಅಮೆರಿಕದ ಪೊಲೀಸ್, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ರೇಡಿಯೊಗಳಲ್ಲಿ ಇದೇ ಆಯ್ಕೆಯನ್ನು ವೈಡ್‌ನಿಂದ ನ್ಯಾರೋಗೆ ತಿರುಗಿಸುವ ಮಾತು 1990ರ ದಶಕದಲ್ಲಿ ಶುರುವಾಯಿತು, ಗಡುವು ಬಂದದ್ದು 2013ರ ಜನವರಿ 1ಕ್ಕೆ. ಒಂದು ಊರಿನ ರೇಡಿಯೊ ವ್ಯವಸ್ಥೆಯಲ್ಲಿ ಆ ಆಯ್ಕೆ ನೂರಾರು ಕಡೆ ಅಡಗಿ ಕೂತಿರುತ್ತದೆ. ಅರ್ಧ ಕಡೆ ಬದಲಿಸಿ ಉಳಿದರ್ಧ ಮರೆತರೆ, ಏನೂ ಮಾಡದೆ ಸುಮ್ಮನಿದ್ದಾಗ ಇದ್ದುದಕ್ಕಿಂತ ಕೆಟ್ಟ ವ್ಯವಸ್ಥೆ ಕೈಗೆ ಬರುತ್ತದೆ. ಈ ಕೆಲಸದ ಕಷ್ಟವೆಲ್ಲ ಇರುವುದು ಇಲ್ಲಿಯೇ.

ನಿಯಮ ಹೇಳಿದ್ದು, ಹೇಳದೆ ಬಿಟ್ಟದ್ದು

ಅಮೆರಿಕದಲ್ಲಿ ಕೇಂದ್ರ ಸರ್ಕಾರದ್ದಲ್ಲದ ರೇಡಿಯೊಗಳಿಗೆ ಲೈಸೆನ್ಸ್ ಕೊಡುವುದು ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಎಲ್ಲರ ಬಾಯಲ್ಲಿ ಎಫ್‌ಸಿಸಿ. ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಮಾಡುವ ಕೆಲಸಕ್ಕೆ ಇದು ಹತ್ತಿರದ್ದು. ವಿಎಚ್‌ಎಫ್‌ನ 150ರಿಂದ 174 ಮೆಗಾಹರ್ಟ್ಸ್, ಯುಎಚ್‌ಎಫ್‌ನ 421ರಿಂದ 512 ಮೆಗಾಹರ್ಟ್ಸ್ ಆವರ್ತನ ಪಟ್ಟಿಗಳಲ್ಲಿ ದೊಡ್ಡ ಊರುಗಳಲ್ಲೆಲ್ಲ ಹೊಸ ಚಾನೆಲ್ ಸಿಗದ ಸ್ಥಿತಿ ಬಂದಿತ್ತು. ಇದ್ದ ಚಾನೆಲ್‌ಗಳನ್ನೇ ಸಣ್ಣದು ಮಾಡಿ ನಡುವೆ ಹೊಸಬರಿಗೆ ಜಾಗ ಮಾಡಿಕೊಡುವುದು ಎಫ್‌ಸಿಸಿ ಹಿಡಿದ ದಾರಿ.

1995ರಲ್ಲಿ ಮೊದಲ ಆದೇಶ ಬಂತು. 1997ರ ಫೆಬ್ರುವರಿ 14ರ ನಂತರ ಪ್ರಮಾಣಪತ್ರ ಬೇಡುವ ಹೊಸ ಮಾಡೆಲ್‌ಗಳೆಲ್ಲ 12.5 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡಲೇಬೇಕು ಎಂದಾಯಿತು. ಹೊಸ ರೇಡಿಯೊ ಕೊಳ್ಳುವಾಗ ಜನ ತಾವಾಗಿಯೇ ಬದಲಾಗುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಬದಲಾಗಲಿಲ್ಲ. ಇಪ್ಪತ್ತು ವರ್ಷ ಬಾಳುವ ರೇಡಿಯೊವನ್ನು, ಅದೂ ಪಕ್ಕದೂರಿನವರು ವೈಡ್‌ನಲ್ಲೇ ಇರುವಾಗ, ಯಾರು ತಾನೇ ಮುಟ್ಟುತ್ತಾರೆ? ಕೊನೆಗೆ 2003ರಲ್ಲಿ ಗಡುವು ಹಾಕಬೇಕಾಯಿತು: ಉದ್ಯಮಗಳಿಗೆ 2013, ಸಾರ್ವಜನಿಕ ಸುರಕ್ಷತೆಯವರಿಗೆ 2018. ಮರುವರ್ಷವೇ ಎರಡನ್ನೂ ಸೇರಿಸಿ 2013ರ ಜನವರಿ 1 ಎಂದು ನಿಗದಿ ಮಾಡಿದರು. 2011ರ ಜನವರಿಯಿಂದ 25 ಕಿಲೋಹರ್ಟ್ಸ್‌ಗೆ ಹೊಸ ಅರ್ಜಿ ತೆಗೆದುಕೊಳ್ಳುವುದು ನಿಂತಿತು. ಕೇಂದ್ರ ಸರ್ಕಾರದ ಇಲಾಖೆಗಳು ಇದಕ್ಕೂ ಮೊದಲೇ ಈ ಹೊಳೆ ದಾಟಿದ್ದವು. 162ರಿಂದ 174 ಮೆಗಾಹರ್ಟ್ಸ್‌ಗೆ ಅವರ ಗಡುವು 2005, 406.1ರಿಂದ 420ಕ್ಕೆ 2008.

ನಿಯಮದ ತಿರುಳು ಒಂದೇ ಸಾಲಿನದು. 12.5 ಕಿಲೋಹರ್ಟ್ಸ್ ಅಗಲಕ್ಕೆ ಕನಿಷ್ಠ ಒಂದು ಮಾತಿನ ದಾರಿ ಇರಬೇಕು. ಡೇಟಾ ಆದರೆ ಪ್ರತಿ 6.25 ಕಿಲೋಹರ್ಟ್ಸ್‌ಗೆ ಸೆಕೆಂಡಿಗೆ 4800 ಬಿಟ್ ಸಾಗಬೇಕು. ಡಿಜಿಟಲ್ ಆಗಬೇಕೆಂದು ಅದು ಎಲ್ಲೂ ಹೇಳಲಿಲ್ಲ. 2009ರ ಜೂನ್‌ನಲ್ಲಿ ಅಲ್ಲಿನ ಟಿವಿ ಪ್ರಸಾರ ಡಿಜಿಟಲ್‌ಗೆ ಬದಲಾದದ್ದು ಜನರ ನೆನಪಿನಲ್ಲಿ ಹಸಿಯಾಗಿತ್ತು, ಮಾರಾಟಗಾರರಿಗೂ ಆ ಗೊಂದಲ ಅನುಕೂಲದ್ದೇ. ಹಾಗಾಗಿ ಒಂದು ಕೇಬಲ್ ಮತ್ತು ಲ್ಯಾಪ್‌ಟಾಪ್‌ನಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಹೊಸ ಡಿಜಿಟಲ್ ರೇಡಿಯೊಗಳ ಕೊಟೇಶನ್ ತರಿಸಿಕೊಳ್ಳುವುದು ಸುಲಭವಾಯಿತು. ಡಿಜಿಟಲ್‌ಗೆ ಅದರದೇ ಗುಣಗಳಿವೆ. ಆದರೆ ಈ ಗಡುವು ಅದಕ್ಕೆ ಕಾರಣವಾಗಬೇಕಿರಲಿಲ್ಲ.

ನಿಯಮದ ಹೊರಗೆ ಉಳಿದವೂ ಇವೆ. 30ರಿಂದ 50 ಮೆಗಾಹರ್ಟ್ಸ್‌ನ ಹಳೆಯ ಲೋ ಬ್ಯಾಂಡ್, 700 ಮತ್ತು 800 ಮೆಗಾಹರ್ಟ್ಸ್ ಪಟ್ಟಿಗಳು, ಹಡಗುಗಳ ವಿಎಚ್‌ಎಫ್, ಹವ್ಯಾಸಿ ರೇಡಿಯೊ ಬಳಕೆದಾರರಾದ ಹ್ಯಾಮ್‌ಗಳ ಚಾನೆಲ್‌ಗಳು. ಪೇಜಿಂಗ್‌ಗೆಂದೇ ಮೀಸಲಿದ್ದ 152.0075 ಮತ್ತು 157.450 ಮೆಗಾಹರ್ಟ್ಸ್‌ಗೂ ವಿನಾಯಿತಿ ಸಿಕ್ಕಿತು. ಹನ್ನೊಂದು ಮಹಾನಗರಗಳಲ್ಲಿ ಬಳಕೆಯಲ್ಲಿರುವ 470ರಿಂದ 512 ಮೆಗಾಹರ್ಟ್ಸ್‌ನ ಟಿ-ಬ್ಯಾಂಡ್‌ನದು ಬೇರೆಯೇ ಪುರಾಣ. 2012ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ತು ಆ ಪಟ್ಟಿಯಲ್ಲಿ ಸಾರ್ವಜನಿಕ ಸುರಕ್ಷತೆಯವರ ಪಾಲನ್ನೇ ವಾಪಸು ಪಡೆದು ಹರಾಜು ಹಾಕಲು ಕಾನೂನು ಮಾಡಿತು. ಕಿತ್ತುಕೊಳ್ಳಲಿರುವ ಜಾಗದಲ್ಲಿ ಮನೆ ರಿಪೇರಿ ಮಾಡಿಸುವುದೇಕೆ ಎಂದು ಎಫ್‌ಸಿಸಿ ಅಲ್ಲಿನವರಿಗೆ ಗಡುವನ್ನು ಮನ್ನಾ ಮಾಡಿತು. 2020ರ ಡಿಸೆಂಬರ್‌ನಲ್ಲಿ ಆ ಕಾನೂನೇ ರದ್ದಾಯಿತು. ನ್ಯೂಯಾರ್ಕ್, ಬೋಸ್ಟನ್, ಲಾಸ್ ಏಂಜಲೀಸ್‌ನವರು ಎಂಟು ವರ್ಷ ಕಟ್ಟಲೂ ಆಗದೆ ಬಿಡಲೂ ಆಗದೆ ಕಳೆದದ್ದಷ್ಟೇ ಉಳಿಯಿತು.

ಉಯ್ಯಾಲೆಯ ಲೆಕ್ಕ

ಎಫ್‌ಎಂ ರೇಡಿಯೊದಲ್ಲಿ ಮಾತು ಸಾಗುವುದು ಆವರ್ತನದ ತೂಗಾಟದ ಮೇಲೆ. ಯಾರೂ ಮಾತಾಡದಿದ್ದಾಗ ಸಿಗ್ನಲ್, ಉದಾಹರಣೆಗೆ, 155.160 ಮೆಗಾಹರ್ಟ್ಸ್‌ನಲ್ಲಿ ನೆಟ್ಟಗೆ ನಿಂತಿರುತ್ತದೆ. ಮೈಕಿಗೆ ದನಿ ಬಿದ್ದೊಡನೆ ಉಯ್ಯಾಲೆಯ ಹಾಗೆ ಆಚೀಚೆ ತೂಗುತ್ತದೆ. ಮೆಲುದನಿಗೆ ಸಣ್ಣ ತೂಗು, ಕೂಗಿಗೆ ದೊಡ್ಡ ತೂಗು. ಈ ತೂಗಿನ ಅಳತೆಗೆ ಡೀವಿಯೇಷನ್ ಎನ್ನುತ್ತಾರೆ. ವೈಡ್ ಚಾನೆಲ್‌ನಲ್ಲಿ ಅದರ ಮಿತಿ ಎರಡೂ ಬದಿಗೆ 5 ಕಿಲೋಹರ್ಟ್ಸ್, ನ್ಯಾರೋದಲ್ಲಿ 2.5.

ಸಿಗ್ನಲ್ ಒಟ್ಟು ಎಷ್ಟು ಜಾಗ ಹಿಡಿಯುತ್ತದೆಂದು ತಿಳಿಯಲು ಡೀವಿಯೇಷನ್‌ಗೆ ದನಿಯ ಅತಿ ಹೆಚ್ಚಿನ ಆವರ್ತನ, ಅಂದರೆ ಸುಮಾರು 3 ಕಿಲೋಹರ್ಟ್ಸ್ ಸೇರಿಸಿ ಎರಡರಿಂದ ಗುಣಿಸಬೇಕು. ವೈಡ್‌ಗೆ ಎರಡು ಸಲ 8, ಅಂದರೆ 16 ಕಿಲೋಹರ್ಟ್ಸ್. ನ್ಯಾರೋಗೆ ಎರಡು ಸಲ ಐದೂವರೆ, ಅಂದರೆ 11. ಡೀವಿಯೇಷನ್ ಅರ್ಧವಾದರೂ ಹಿಡಿಯುವ ಜಾಗ ಅರ್ಧವಾಗಲಿಲ್ಲ ಎಂಬುದನ್ನು ಗಮನಿಸಿ. ದನಿಯ ಪಾಲು ಹಾಗೇ ಉಳಿದಿದೆ. 12.5ರ ಚಾನೆಲ್‌ನಲ್ಲಿ 11 ಕೂರಿಸಿದರೆ ಉಳಿಯುವ ಅಂಚು ಒಂದೂವರೆ ಕಿಲೋಹರ್ಟ್ಸ್ ಮಾತ್ರ.

ಅಂಚು ಇಷ್ಟು ತೆಳ್ಳಗಾದ ಮೇಲೆ ಸಿಗ್ನಲ್ ತನ್ನ ಜಾಗ ಬಿಟ್ಟು ಜಾರುವಂತಿಲ್ಲ. ವಿಎಚ್‌ಎಫ್‌ನಲ್ಲಿ ನ್ಯಾರೋ ಬೇಸ್ ಸ್ಟೇಷನ್‌ನ ಆವರ್ತನ ಹತ್ತು ಲಕ್ಷಕ್ಕೆ 2.5 ಭಾಗಕ್ಕಿಂತ ಹೆಚ್ಚು ತಪ್ಪಬಾರದು. 155 ಮೆಗಾಹರ್ಟ್ಸ್‌ಗೆ ಅದು 387 ಹರ್ಟ್ಸ್. ಯುಎಚ್‌ಎಫ್‌ನಲ್ಲಿ ಮಿತಿ 1.5 ಭಾಗ; 460 ಮೆಗಾಹರ್ಟ್ಸ್‌ಗೆ 690 ಹರ್ಟ್ಸ್. ಬಂದ ಮಾತನ್ನು ಎತ್ತರದಿಂದ ಮತ್ತೆ ಬಿತ್ತರಿಸುವ ಹಳೆಯ ರಿಪೀಟರ್‌ನಲ್ಲಿ ಆವರ್ತನ ನಿಗದಿ ಮಾಡುವ ಕ್ರಿಸ್ಟಲ್ ವಯಸ್ಸಾಗಿ ಒಂದು ಕಿಲೋಹರ್ಟ್ಸ್ ಸರಿದಿದ್ದರೂ ವೈಡ್‌ನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನ್ಯಾರೋದಲ್ಲಿ ಅದೇ ಮಾತು ಗೊಗ್ಗರು ಗೊಗ್ಗರಾಗಿ ಕೇಳುತ್ತದೆ.

ವಿಎಚ್‌ಎಫ್‌ನಲ್ಲಿ ಇನ್ನೊಂದು ತೊಡಕಿದೆ. ಯುಎಚ್‌ಎಫ್‌ನ 25ರ ಚಾನೆಲ್‌ಗಳನ್ನು ಸೀಳಿದರೆ 12.5ರವು ಅಚ್ಚುಕಟ್ಟಾಗಿ ಕೂರುತ್ತವೆ. ವಿಎಚ್‌ಎಫ್‌ನಲ್ಲಿ ಹಳೆಯ ಚಾನೆಲ್‌ಗಳ ನಡುವಿನ ಅಂತರವೇ 15 ಕಿಲೋಹರ್ಟ್ಸ್, ಸೀಳಿದ ಮೇಲೆ ಏಳೂವರೆ. 155.160ರ ಅಕ್ಕಪಕ್ಕದವು 155.1525 ಮತ್ತು 155.1675. ಏಳೂವರೆ ಅಂತರದಲ್ಲಿ ಹನ್ನೊಂದು ಅಗಲದ ಸಿಗ್ನಲ್‌ಗಳು ಒಂದರ ಮೇಲೊಂದು ಬೀಳದೆ ಇರಲು ಸಾಧ್ಯವಿಲ್ಲ. ಅದಕ್ಕಾಗಿ ಅಕ್ಕಪಕ್ಕದ ಚಾನೆಲ್‌ಗಳನ್ನು ಅಕ್ಕಪಕ್ಕದ ಊರುಗಳಿಗೆ ಕೊಡದೆ ದೂರ ದೂರಕ್ಕೆ ಹಂಚುತ್ತಾರೆ.

ಎಣಿಕೆಯೇ ಅರ್ಧ ಕೆಲಸ

ಲೆಕ್ಕಕ್ಕಾಗಿ ಒಂದು ಸಣ್ಣ ಕೌಂಟಿಯನ್ನು (ನಮ್ಮ ಜಿಲ್ಲೆಯಂಥದ್ದು) ಊಹಿಸಿಕೊಳ್ಳಿ. 60 ಹ್ಯಾಂಡ್‌ಸೆಟ್, ವಾಹನಗಳಲ್ಲಿ 25 ಮೊಬೈಲ್ ರೇಡಿಯೊ, ಬೆಟ್ಟದ ಮೇಲೆ 2 ರಿಪೀಟರ್, ಸ್ವಯಂಸೇವಕ ಅಗ್ನಿಶಾಮಕರ ಸೊಂಟದಲ್ಲಿ 80 ಪೇಜರ್, 4 ಸುಂಟರಗಾಳಿ ಸೈರನ್. ಹ್ಯಾಂಡ್‌ಸೆಟ್‌ಗೆ ಕಾಲು ಗಂಟೆಯಂತೆ ಹಿಡಿದರೂ 15 ಗಂಟೆ, ಮೊಬೈಲ್‌ಗೆ ಅರ್ಧ ಗಂಟೆಯಂತೆ ಹನ್ನೆರಡೂವರೆ ಗಂಟೆ. ನಾಲ್ಕು ದಿನದಲ್ಲಿ ಮುಗಿಯಿತಲ್ಲ ಎನಿಸುತ್ತದೆ. ಪಟ್ಟಿಯಲ್ಲಿ ಇಲ್ಲದವು ಬಂದು ಲೆಕ್ಕ ಕೆಡಿಸುವವರೆಗೆ ಮಾತ್ರ.

ಪಟ್ಟಿಯಲ್ಲಿ ಇಲ್ಲದವು ಯಾವುವು? ಕಂಟ್ರೋಲ್ ರೂಮ್‌ನಿಂದ ಬೆಟ್ಟದ ರಿಪೀಟರ್‌ಗೆ ಮಾತು ತಲುಪಿಸುವ ಯುಎಚ್‌ಎಫ್ ಲಿಂಕ್ ರೇಡಿಯೊ. ಫೈರ್ ಎಂಜಿನ್ ಒಳಗೆ ಕೂತು ಹ್ಯಾಂಡ್‌ಸೆಟ್‌ನ ಮಾತನ್ನು ಮುಂದಕ್ಕೆ ದಾಟಿಸುವ ವಾಹನ ರಿಪೀಟರ್. ನೀರಿನ ಟ್ಯಾಂಕಿನ ಮಟ್ಟ ಕಳಿಸುವ ಟೆಲಿಮೆಟ್ರಿ ಪೆಟ್ಟಿಗೆ; ಅದನ್ನು ನೋಡಿಕೊಳ್ಳುವುದು ನೀರಿನ ಇಲಾಖೆ, ಲೈಸೆನ್ಸ್ ಮಾತ್ರ ಕೌಂಟಿಯ ಹೆಸರಿನಲ್ಲಿ. ಆಸ್ಪತ್ರೆಯ ತುರ್ತು ವಿಭಾಗದ ಮೂಲೆಯಲ್ಲಿ 155.340ಕ್ಕೆ ಕಿವಿಗೊಟ್ಟು ಕೂತಿರುವ ಬೇಸ್. ಸ್ವಯಂಸೇವಕರು ಸ್ವಂತ ದುಡ್ಡಿನಲ್ಲಿ ಕೊಂಡ ರೇಡಿಯೊಗಳು. ಇವೆಲ್ಲವನ್ನು ಹುಡುಕಲು ಲೈಸೆನ್ಸಿನ ಪ್ರತಿ ಹಿಡಿದು, ಅದರಲ್ಲಿರುವ ಒಂದೊಂದು ಆವರ್ತನದ ಎದುರೂ ‘ಇದನ್ನು ಯಾರು ಕಳಿಸುತ್ತಾರೆ, ಯಾರು ಕೇಳುತ್ತಾರೆ’ ಎಂದು ಬರೆಯುತ್ತ ಹೋಗುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸ್ಟೋರ್ ರಿಜಿಸ್ಟರ್ ನಂಬಿದರೆ ಕೆಟ್ಟಿರಿ.

ಪಟ್ಟಿಯಾದ ಮೇಲೆ ಪ್ರತಿ ಮಾಡೆಲ್‌ಗೂ ಎಫ್‌ಸಿಸಿ ಪ್ರಮಾಣಪತ್ರ ನೋಡಬೇಕು. 12.5ಕ್ಕೆ ಪ್ರಮಾಣಪತ್ರ ಇಲ್ಲದ ಹಳೆಯ ರೇಡಿಯೊದ ಡೀವಿಯೇಷನ್ ಸ್ಕ್ರೂ ತಿರುಗಿಸಿ 2.5ಕ್ಕೆ ಇಳಿಸಿಬಿಟ್ಟರೆ ಆಯಿತು ಎಂಬುದು ಬಹಳ ಕಡೆ ಕೇಳಿಬಂದ ಉಪಾಯ. ಕಾನೂನಿಗೆ ಅದು ಸಲ್ಲುವುದಿಲ್ಲ. ತಾಂತ್ರಿಕವಾಗಿಯೂ ಅದು ಅರ್ಧ ಕೆಲಸ, ಯಾಕೆಂದರೆ ಅದರ ರಿಸೀವರ್‌ನೊಳಗಿನ ಫಿಲ್ಟರ್ ಇನ್ನೂ ವೈಡ್ ಆಗಿಯೇ ಬಾಯಿ ತೆರೆದು ಕೂತಿರುತ್ತದೆ. ನಾಳೆ ಪಕ್ಕದ ಹೊಸ ಚಾನೆಲ್‌ಗೆ ಯಾರಾದರೂ ಬಂದರೆ ಅವರ ಮಾತೂ ಇದರೊಳಗೆ ನುಗ್ಗುತ್ತದೆ.

ಮುಟ್ಟಬೇಕಿಲ್ಲದವನ್ನೂ ಹೇಳಬೇಕು, ದುಡ್ಡು ಉಳಿಯುವುದು ಅಲ್ಲಿ. ಚಾನೆಲ್‌ನ ಮಧ್ಯಬಿಂದು ಬದಲಾಗುವುದಿಲ್ಲ. ಆದ್ದರಿಂದ ಆಂಟೆನಾ, ಅದರ ಕೇಬಲ್, ಒಂದೇ ಆಂಟೆನಾದಲ್ಲಿ ಕಳಿಸಲೂ ಕೇಳಲೂ ಬಿಡುವ ಡುಪ್ಲೆಕ್ಸರ್, ಟವರ್ ಎಲ್ಲವೂ ಇದ್ದ ಹಾಗೇ ಇರಬಹುದು. ನ್ಯಾರೋಗಾಗಿ ಡುಪ್ಲೆಕ್ಸರ್ ಬದಲಿಸಬೇಕು ಎಂದು ಬಿಲ್ಲಿನಲ್ಲಿ ಕಂಡರೆ ಕಾರಣ ಕೇಳಿ.

ಅರ್ಧಂಬರ್ಧ ಬದಲಾದರೆ

ವೈಡ್ ರೇಡಿಯೊ ಕಳಿಸಿ ನ್ಯಾರೋ ರೇಡಿಯೊ ಕೇಳಿದರೆ, ಐದರಷ್ಟು ತೂಗುವ ಉಯ್ಯಾಲೆ ಎರಡೂವರೆಯ ಕೋಣೆಯ ಗೋಡೆಗೆ ಬಡಿಯುತ್ತದೆ. ಮೆಲ್ಲಗೆ ಆಡಿದ ಮಾತು ಜೋರಾಗಿ ಕೇಳುತ್ತದೆ, ಜೋರಾಗಿ ಆಡಿದ್ದು ಒಡೆಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ಫಿಲ್ಟರ್ ದಾಟಿ ಹೋದ ದನಿಯ ತುದಿಗಳನ್ನು ರಿಸೀವರ್ ಗದ್ದಲ ಎಂದು ತಿಳಿದು ಆ ಕ್ಷಣಕ್ಕೆ ಸ್ಪೀಕರ್ ಮುಚ್ಚಿಬಿಡುತ್ತದೆ. ಬೆಂಕಿಯೊಳಗಿಂದ ಗಾಬರಿಯಲ್ಲಿ ಕೂಗಿದವನ ಮಾತೇ ತುಂಡು ತುಂಡಾಗುತ್ತದೆ.

ನ್ಯಾರೋ ಕಳಿಸಿ ವೈಡ್ ಕೇಳಿದರೆ ತಿರುವುಮುರುವು. ದನಿ 6 ಡೆಸಿಬೆಲ್ ಕೆಳಗೆ, ಹಿನ್ನೆಲೆಯ ಸರಸರ ಮಾತ್ರ ಇದ್ದಷ್ಟೇ. ಕೇಳುವವರು ವಾಲ್ಯೂಮ್ ಪೂರ್ತಿ ಏರಿಸುತ್ತಾರೆ. ಮುಂದಿನ ಕರೆ ವೈಡ್ ರೇಡಿಯೊದಿಂದ ಬಂದರೆ ಕಿವಿ ಹರಿಯುತ್ತದೆ. ಜೊತೆಗೆ ಟೋನ್‌ನ ಸಮಸ್ಯೆ. ಬೇರೆಯವರ ಮಾತು ಕೇಳಿಸದಿರಲೆಂದು ಮಾತಿನ ಕೆಳಗೆ ಒಂದು ಮಂದ್ರ ಟೋನ್ ಹಾಕುವುದು ವಾಡಿಕೆ. ವೈಡ್‌ನಲ್ಲಿ ಅದರ ಡೀವಿಯೇಷನ್ 750 ಹರ್ಟ್ಸ್ ಆಸುಪಾಸು, ನ್ಯಾರೋದಲ್ಲಿ 350ರಿಂದ 400. ಇಳಿಸಿದ ಟೋನ್ ಅನ್ನು ಕೆಲವು ಹಳೆಯ ರಿಸೀವರ್‌ಗಳು ಗುರುತಿಸುವುದೇ ಇಲ್ಲ. ಆಗ ಮಾತು ಸಣ್ಣಗೂ ಕೇಳುವುದಿಲ್ಲ, ಪೂರ್ತಿ ಮೌನ.

ಬದಲಿಸುವ ಸರದಿ

ಇದಕ್ಕೆ ಪರಿಹಾರವಾಗಿ ಚೆನ್ನಾಗಿ ಕೆಲಸ ಮಾಡಿದ್ದು ಎರಡು ಜ಼ೋನ್‌ಗಳ, ಅಂದರೆ ರೇಡಿಯೊದೊಳಗೆ ಚಾನೆಲ್‌ಗಳ ಎರಡು ಗುಂಪುಗಳ ಉಪಾಯ. ರೇಡಿಯೊ ಕೈಗೆ ಬಂದಾಗ ಮೊದಲು ಅದರಲ್ಲಿರುವ ಪ್ರೋಗ್ರಾಮ್ ಅನ್ನು ಓದಿ, ಸೀರಿಯಲ್ ನಂಬರ್ ಹೆಸರಿನಲ್ಲಿ ಉಳಿಸಿಡಬೇಕು. ಈ ಫೈಲಿಗೆ ಅಲ್ಲಿನವರು ಕೋಡ್‌ಪ್ಲಗ್ ಎನ್ನುತ್ತಾರೆ. ನಂತರ ಒಂದನೇ ಜ಼ೋನ್‌ನಲ್ಲಿ ಎಲ್ಲ ಚಾನೆಲ್‌ಗಳನ್ನು ಹಾಗೇ ವೈಡ್‌ನಲ್ಲಿ ಬಿಟ್ಟು, ಎರಡನೇ ಜ಼ೋನ್‌ನಲ್ಲಿ ಅವೇ ಚಾನೆಲ್‌ಗಳನ್ನು ನ್ಯಾರೋ ಮಾಡಿ ನಕಲಿಸಬೇಕು. ಚಾನೆಲ್ ಸಂಖ್ಯೆ ಎರಡರಲ್ಲೂ ಒಂದೇ ಇರಲಿ. ಹೀಗೆ ತಿಂಗಳುಗಟ್ಟಲೆ ಮುಂಚಿತವಾಗಿ, ಅವಸರವಿಲ್ಲದೆ, ಎಲ್ಲ ರೇಡಿಯೊಗಳನ್ನೂ ಮುಗಿಸಬಹುದು. ರಿಪೀಟರ್ ಬದಲಾಗುವ ಬೆಳಿಗ್ಗೆ ಕಂಟ್ರೋಲ್ ರೂಮ್‌ನಿಂದ ‘ಎಲ್ಲರೂ ಎರಡನೇ ಜ಼ೋನ್‌ಗೆ’ ಎಂದು ಹೇಳಿದರೆ ಸಾಕು.

ಹಳೆಯ ರೇಡಿಯೊಗಳ ಪ್ರೋಗ್ರಾಮಿಂಗ್ ತಂತ್ರಾಂಶ ಡಾಸ್‌ನಲ್ಲಿ, ಅಸಲಿ ಸೀರಿಯಲ್ ಪೋರ್ಟ್ ಇರುವ ನಿಧಾನದ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ. ವೇಗದ ಕಂಪ್ಯೂಟರಿನಲ್ಲಿ ಓಡಿಸಿದರೆ ಬರೆಯುವ ನಡುವೆ ಎಡವಿ ರೇಡಿಯೊವನ್ನೇ ಕೆಡಿಸಬಹುದು. ಗುಜರಿಗೆ ಹೋಗಬೇಕಿದ್ದ ಒಂದು ಲ್ಯಾಪ್‌ಟಾಪ್ ಇಂಥ ವರ್ಕ್‌ಶಾಪ್‌ಗಳಲ್ಲಿ ದೇವರ ಪಟದಷ್ಟು ಜೋಪಾನವಾಗಿ ಇರುವುದು ಈ ಕಾರಣಕ್ಕೆ.

ರೇಡಿಯೊ ಒಂದಾದ ಮೇಲೊಂದರಂತೆ ಕಿವಿಗೊಡುವ ಚಾನೆಲ್‌ಗಳ ಸ್ಕ್ಯಾನ್ ಪಟ್ಟಿಯನ್ನು ಮರೆಯುವುದು ತೀರಾ ಸಾಮಾನ್ಯ. ಎರಡನೇ ಜ಼ೋನ್‌ನ ಸ್ಕ್ಯಾನ್ ಪಟ್ಟಿಯಲ್ಲಿ ಒಂದನೇ ಜ಼ೋನ್‌ನ ಚಾನೆಲ್ ಉಳಿದಿದ್ದರೆ, ಸ್ಕ್ಯಾನ್ ಆಗುತ್ತಿರುವಾಗ ಬಂದ ಕರೆಗೆ ಉತ್ತರ ಕೊಟ್ಟವರು ಗೊತ್ತಿಲ್ಲದೆ ವೈಡ್‌ನಲ್ಲಿ ಮಾತಾಡುತ್ತಾರೆ. ಪಕ್ಕದ ಕೌಂಟಿಯ ನೆರವಿನ ಚಾನೆಲ್‌ಗಳದು ಬೇರೆ ತಲೆನೋವು: ಅವರು ಯಾವ ದಿನ ಬದಲಾಗುತ್ತಾರೋ ಆ ದಿನವೇ ನಿಮ್ಮ ರೇಡಿಯೊದಲ್ಲಿ ಅವರ ಚಾನೆಲ್ ಬದಲಾಗಬೇಕು. ಇಡೀ ದೇಶಕ್ಕೆ ಒಂದೇ ಆಗಿರುವ ಪರಸ್ಪರ ನೆರವಿನ ಚಾನೆಲ್‌ಗಳನ್ನು, ಉದಾಹರಣೆಗೆ ವಿಕಾಲ್10 ಎಂದು ಹೆಸರಿರುವ 155.7525 ಮೆಗಾಹರ್ಟ್ಸ್ ಅನ್ನು, 156.7 ಹರ್ಟ್ಸ್ ಟೋನ್‌ನೊಂದಿಗೆ ನ್ಯಾರೋದಲ್ಲಿ ಇದೇ ಸಲ ಸೇರಿಸಿಬಿಡುವುದು ಜಾಣತನ. ರೇಡಿಯೊವನ್ನು ಮತ್ತೆ ಯಾರು ಕೈಗೆ ಕೊಡುತ್ತಾರೋ ಗೊತ್ತಿಲ್ಲ.

ಮೇಜಿನ ಮೇಲೆ ಒಂದು ಹ್ಯಾಂಡ್‌ಸೆಟ್

ತಂತ್ರಾಂಶದಲ್ಲಿ 12.5 ಎಂದು ಬರೆದ ಮಾತ್ರಕ್ಕೆ ಗಾಳಿಯಲ್ಲಿ 12.5 ಆಗಿರುತ್ತದೆ ಎಂದು ನಂಬುವಂತಿಲ್ಲ. ಬಹಳ ರೇಡಿಯೊಗಳಲ್ಲಿ ವೈಡ್‌ಗೊಂದು, ನ್ಯಾರೋಗೊಂದು ಬೇರೆ ಬೇರೆ ಡೀವಿಯೇಷನ್ ಹೊಂದಾಣಿಕೆ ಇರುತ್ತದೆ. ನ್ಯಾರೋದ್ದನ್ನು ಕಾರ್ಖಾನೆ ಬಿಟ್ಟ ಮೇಲೆ ಯಾರೂ ಮುಟ್ಟಿರುವುದಿಲ್ಲ. ರೇಡಿಯೊ ಪರೀಕ್ಷಿಸುವ ಉಪಕರಣವಾದ ಸರ್ವಿಸ್ ಮಾನಿಟರ್‌ಗೆ ಜೋಡಿಸಿ ನೋಡಲೇಬೇಕು. ಜೋಡಿಸುವಾಗ ಶಕ್ತಿ ತಡೆಯುವ ಪೋರ್ಟ್‌ಗೇ ಕೇಬಲ್ ಹಾಕಿ. ಗಾಳಿಯ ಸಿಗ್ನಲ್ ಕೇಳಲೆಂದಿರುವ ಆಂಟೆನಾ ಪೋರ್ಟ್‌ಗೆ 5 ವಾಟ್ ಒತ್ತಿದರೆ ದುಬಾರಿ ಮಾನಿಟರ್‌ನ ಮೂಗು ಸುಡುತ್ತದೆ.

ಮೊದಲು ಮಾತಾಡದೆ ಬಟನ್ ಒತ್ತಿ ಆವರ್ತನದ ತಪ್ಪನ್ನು ನೋಡುವುದು. ವಿಎಚ್‌ಎಫ್ ಹ್ಯಾಂಡ್‌ಸೆಟ್‌ಗೆ ನಿಯಮದ ಮಿತಿ ಹತ್ತು ಲಕ್ಷಕ್ಕೆ 5 ಭಾಗ, ಅಂದರೆ 155ರಲ್ಲಿ 775 ಹರ್ಟ್ಸ್; ಆದರೆ ಒಳ್ಳೆಯ ರೇಡಿಯೊ 200ರೊಳಗೇ ಇರುತ್ತದೆ, ಅದಕ್ಕಿಂತ ಹೊರಗಿದ್ದರೆ ಸರಿಪಡಿಸಿ. ಅದೇ ಹೊತ್ತಿಗೆ ಟೋನ್‌ನ ಡೀವಿಯೇಷನ್ ಕಾಣುತ್ತದೆ, 350ರಿಂದ 400 ಇರಬೇಕು. ಆಮೇಲೆ ಮೈಕ್ ಬಳಿ ಬಾಯಿ ತಂದು ‘ಆ...’ ಎಂದು ಜೋರಾಗಿ ಕೂಗಿ. ಮುಳ್ಳು 2.5ರ ಹತ್ತಿರ ಬಂದು ನಿಲ್ಲಬೇಕು, ಟೋನ್ ಸೇರಿಸಿಯೂ ದಾಟಬಾರದು. ಸಹಜ ದನಿಯಲ್ಲಿ ಮಾತಾಡಿದಾಗ ಒಂದೂವರೆಯ ಆಚೀಚೆ ಆಡುತ್ತಿದ್ದರೆ ಸರಿ. ಸಹಜ ದನಿಗೆ 0.8 ಕೂಡ ದಾಟದಿದ್ದರೆ ಆ ರೇಡಿಯೊ ಹಿಡಿದವರ ಮಾತು ಯಾರಿಗೂ ಅರ್ಥವಾಗುವುದಿಲ್ಲ, ಕಾನೂನಿಗೆ ಮಾತ್ರ ತೃಪ್ತಿ.

ಇನ್ನು ಕೇಳುವ ಬದಿ. 1 ಕಿಲೋಹರ್ಟ್ಸ್ ಟೋನ್ ಕೊಟ್ಟು, ಮಾತು ಗದ್ದಲದಿಂದ 12 ಡೆಸಿಬೆಲ್ ಮೇಲಿರುವವರೆಗೆ ಸಿಗ್ನಲ್ ಇಳಿಸುತ್ತ ಹೋಗುವುದು ಪರೀಕ್ಷೆಯ ಕ್ರಮ. ಒಳ್ಳೆಯ ಹ್ಯಾಂಡ್‌ಸೆಟ್ 0.25 ಮೈಕ್ರೊವೋಲ್ಟ್ ಸುತ್ತ ನಿಲ್ಲುತ್ತದೆ. ಇಲ್ಲಿ ಹಳಬರು ಎಡವುವುದು ಒಂದು ಅಂಕಿಯಲ್ಲಿ. ಪರೀಕ್ಷೆಯ ಟೋನ್ ಗರಿಷ್ಠ ಡೀವಿಯೇಷನ್‌ನ ಶೇಕಡ 60 ಇರಬೇಕು. ವೈಡ್‌ಗೆ ಅದು 3 ಕಿಲೋಹರ್ಟ್ಸ್, ನ್ಯಾರೋಗೆ ಒಂದೂವರೆ. ಕೈ ಅಭ್ಯಾಸದಿಂದ 3ರಲ್ಲೇ ಬಿಟ್ಟರೆ ಸರಿಯಿರುವ ನ್ಯಾರೋ ರೇಡಿಯೊವೂ ಕೆಟ್ಟಿದೆ ಎಂದು ತೋರುತ್ತದೆ.

ಬೆಟ್ಟದ ಮೇಲಿನ ರಿಪೀಟರ್‌ಗೂ ಇದೇ ಅಳತೆ: ಒಂದೂವರೆ ಒಳಗೆ ಹೋದರೆ ಒಂದೂವರೆ ಹೊರಗೆ ಬರಬೇಕು. ರಿಸೀವರ್ ಬದಲಿಸಿ ನಡುವಿನ ಕಂಟ್ರೋಲರ್‌ನ ಆಡಿಯೊ ಮಟ್ಟ ಹಾಗೇ ಬಿಟ್ಟರೆ ಅದರಲ್ಲಿ ಅರ್ಧ ಒಳಗಡೆಯೇ ಸೋರಿಹೋಗಬಹುದು. ಹಲವು ಟವರ್‌ಗಳು ಒಂದೇ ಆವರ್ತನದಲ್ಲಿ ಒಟ್ಟಿಗೆ ಕಳಿಸುವ ಸೈಮಲ್‌ಕಾಸ್ಟ್ ವ್ಯವಸ್ಥೆಯಾದರೆ ಹಂತ ಹಂತದ ಮಾತೇ ಇಲ್ಲ. ಎರಡು ಟವರ್‌ಗಳ ನಡುವಿನ ಜಾಗದಲ್ಲಿ ಒಂದು ವೈಡ್, ಒಂದು ನ್ಯಾರೋ ಕೇಳಿದರೆ ಮಾತು ನೀರಿನಡಿಯಿಂದ ಬಂದಂತಾಗುತ್ತದೆ. ಎಲ್ಲ ಟವರ್‌ಗೂ ಒಬ್ಬೊಬ್ಬರನ್ನು ಕಳಿಸಿ ಒಂದೇ ಗಂಟೆಯಲ್ಲಿ ಬದಲಿಸಬೇಕು, ಡೀವಿಯೇಷನ್‌ಗಳನ್ನು ಪರಸ್ಪರ ಹೊಂದಿಸಬೇಕು.

ಪೇಜರ್, ಸೈರನ್

ಅಮೆರಿಕದ ಹಳ್ಳಿಗಳಲ್ಲಿ ಬೆಂಕಿ ಆರಿಸುವವರು ಬಹುಪಾಲು ಸ್ವಯಂಸೇವಕರು. ನಡುರಾತ್ರಿ ಅವರನ್ನು ಎಬ್ಬಿಸುವುದು ಎರಡು ಟೋನ್‌ಗಳ ಪೇಜರ್: ಮೊದಲ ಟೋನ್ 1 ಸೆಕೆಂಡ್, ಎರಡನೆಯದು 3 ಸೆಕೆಂಡ್, ಹಿಂದೆಯೇ ಮಾತು. ಈ ಟೋನ್‌ಗಳ ಮಟ್ಟ ಹೊರಡುವುದು ಕಂಟ್ರೋಲ್ ರೂಮ್‌ನಲ್ಲಿ ಟೋನ್ ಹುಟ್ಟಿಸುವ ಎನ್‌ಕೋಡರ್‌ನಿಂದ. ವೈಡ್‌ನಲ್ಲಿ 3ರಿಂದ ಮೂರೂವರೆ ಕಿಲೋಹರ್ಟ್ಸ್ ಡೀವಿಯೇಷನ್ ಕೊಡುತ್ತಿದ್ದುದನ್ನು ಸುಮಾರು ಅರ್ಧಕ್ಕೆ ಇಳಿಸಬೇಕು. ಇಳಿಸದಿದ್ದರೆ ಟ್ರಾನ್ಸ್‌ಮಿಟರ್‌ನ ಮಿತಿಗೆ ತಲೆ ಬಡಿದು ಟೋನ್‌ನ ಆಕಾರ ಕೆಡುತ್ತದೆ, ಪೇಜರ್ ಗುರುತಿಸುವುದಿಲ್ಲ. ವೈಡ್ ಪೇಜರ್ ಇಟ್ಟುಕೊಂಡೇ ನ್ಯಾರೋ ಕಳಿಸಿದರೆ ಊರೊಳಗೆ ಎಲ್ಲ ಸರಿಯಿದ್ದಂತೆ ತೋರುತ್ತದೆ. ಊರಾಚೆಯ ಮನೆಗಳಲ್ಲಿ, ನೆಲಮಾಳಿಗೆಯಲ್ಲಿ ಮಲಗಿದವರಿಗೆ ಕರೆ ಮುಟ್ಟುವುದಿಲ್ಲ. ಸೈರನ್‌ಗಳದೂ ಇದೇ ಕಥೆ. ಅವು ರೇಡಿಯೊ ಟೋನ್‌ನಿಂದಲೇ ಮೊಳಗುವವು. ಬದಲಾದ ದಿನವೇ ಒಂದೊಂದರ ಕೆಳಗೂ ಒಬ್ಬರು ನಿಂತು ಮೊಳಗಿಸಿ ನೋಡಬೇಕು.

ಕೇಳುವ ದೂರ ಕಡಿಮೆಯಾಗುತ್ತದೆಯೇ?

ಆಗುತ್ತದೆ. ಅನಲಾಗ್‌ನಲ್ಲಿ ಸುಮಾರು 3 ಡೆಸಿಬೆಲ್ ನಷ್ಟ ಎಂದು ಲೆಕ್ಕ ಹಿಡಿಯುವುದು ರೂಢಿ, ಟ್ರಾನ್ಸ್‌ಮಿಟರ್‌ನ ಶಕ್ತಿ ಅರ್ಧವಾದಷ್ಟು. ನೆಲದ ಮೇಲೆ ದೂರ ಹತ್ತು ಪಟ್ಟಾದರೆ ಸಿಗ್ನಲ್ 40 ಡೆಸಿಬೆಲ್ ಇಳಿಯುತ್ತದೆಂಬ ಸಾಮಾನ್ಯ ಸೂತ್ರ ಹಿಡಿದರೆ, 3 ಡೆಸಿಬೆಲ್‌ಗೆ ದೂರದಲ್ಲಿ ಶೇಕಡ 16, ವಿಸ್ತೀರ್ಣದಲ್ಲಿ ಶೇಕಡ 29 ಹೋಗುತ್ತದೆ. ಊರ ನಡುವೆ ಇದು ಯಾರ ಗಮನಕ್ಕೂ ಬರುವುದಿಲ್ಲ. ಮೊದಲೇ ತೂಗುಯ್ಯಾಲೆಯಲ್ಲಿದ್ದ ಕಣಿವೆ, ಕಾಂಕ್ರೀಟ್ ಕಟ್ಟಡದ ಒಳಭಾಗ ಕೈಬಿಡುತ್ತವೆ. ರಿಪೀಟರ್‌ನ ಶಕ್ತಿ ಏರಿಸಿದರೆ ಪ್ರಯೋಜನ ಕಡಿಮೆ, ಯಾಕೆಂದರೆ ಸೋಲುವುದು 5 ವಾಟ್‌ನ ಹ್ಯಾಂಡ್‌ಸೆಟ್ ವಾಪಸು ಕಳಿಸುವ ಮಾತು. ದೂರದ ಮೂಲೆಗಳಲ್ಲಿ ಕೇಳುವುದಕ್ಕಷ್ಟೇ ರಿಸೀವರ್‌ಗಳನ್ನಿಟ್ಟು, ಅವುಗಳಲ್ಲಿ ಚೆನ್ನಾಗಿ ಕೇಳಿದ್ದನ್ನು ಆರಿಸಿಕೊಳ್ಳುವ ವೋಟಿಂಗ್ ವ್ಯವಸ್ಥೆಯೇ ಸರಿಯಾದ ಮದ್ದು.

ಡಿಜಿಟಲ್‌ಗೆ ಹೋದವರಿಗೆ ಅಂಚಿನವರೆಗೂ ಮಾತು ಸ್ವಚ್ಛವಾಗಿ ಸಿಕ್ಕಿತು, ಅಂಚಿನಾಚೆ ಒಮ್ಮೆಲೇ ಇಲ್ಲವಾಯಿತು. ಅನಲಾಗ್‌ನ ಸರಸರ ‘ನೀನು ದೂರ ಹೋಗುತ್ತಿದ್ದೀಯೆ’ ಎಂದು ಎಚ್ಚರಿಸುತ್ತಿತ್ತು. ಮಾತನ್ನು ಅಂಕಿಗಳಾಗಿ ಹಿಂಡುವ ವೋಕೋಡರ್‌ಗಳು ಗರಗಸದ ಸದ್ದು, ಗಾಳಿಯ ಸಿಲಿಂಡರ್ ಖಾಲಿಯಾಗುವ ಅಲಾರಂಗಳ ನಡುವೆ ಮನುಷ್ಯನ ದನಿಯನ್ನು ಕಲಸಿಬಿಡುತ್ತವೆ ಎಂಬುದನ್ನು ಅಲ್ಲಿನ ಅಗ್ನಿಶಾಮಕ ಮುಖ್ಯಸ್ಥರ ಸಂಘ 2008ರಲ್ಲೇ ಎತ್ತಿ ಹೇಳಿತ್ತು. ಡಿಜಿಟಲ್ ಜಾಲವಿದ್ದರೂ ಬೆಂಕಿಯ ಸ್ಥಳದಲ್ಲಿ ರಿಪೀಟರ್ ಇಲ್ಲದ ಸಾದಾ ಅನಲಾಗ್ ಚಾನೆಲ್ ಉಳಿಸಿಕೊಂಡ ದಳಗಳಿರುವುದು ಈ ಅನುಮಾನದಿಂದಲೇ.

ಖರ್ಚು ಯಾರದು ಎಂಬ ಪ್ರಶ್ನೆಗೆ ಇಲ್ಲಿ ಸಿಕ್ಕ ಉತ್ತರ ‘ನಿಮ್ಮದೇ’. ಇದೇ ಕಾಲದಲ್ಲಿ 800 ಮೆಗಾಹರ್ಟ್ಸ್‌ನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಅಲ್ಲಿ ನೆಕ್ಸ್‌ಟೆಲ್‌ನ ಮೊಬೈಲ್ ಸೇವೆ ಪೊಲೀಸ್ ಚಾನೆಲ್‌ಗಳ ನಡುವೆ ಹೆಣೆದುಕೊಂಡು ತೊಂದರೆ ಕೊಡುತ್ತಿತ್ತು. 2004ರ ಆದೇಶದಂತೆ ಪೊಲೀಸ್, ಅಗ್ನಿಶಾಮಕ ಚಾನೆಲ್‌ಗಳ ಒಂದು ದೊಡ್ಡ ಗುಂಪು 15 ಮೆಗಾಹರ್ಟ್ಸ್ ಕೆಳಕ್ಕೆ ಸರಿಯಿತು, ಬಿಲ್ಲು ಕಟ್ಟಿದ್ದು ನೆಕ್ಸ್‌ಟೆಲ್, ನಂತರ ಅದನ್ನು ಕೊಂಡ ಸ್ಪ್ರಿಂಟ್. 36 ತಿಂಗಳಲ್ಲಿ ಮುಗಿಸುವ ಯೋಜನೆಯ ಕಡತ ಮುಚ್ಚಿದ್ದು 2021ರಲ್ಲಿ. ಬೇರೆಯವರ ದುಡ್ಡಿನ ಕೆಲಸ ನಿಧಾನ ಎನ್ನಬಹುದೇನೋ. ಮೆಕ್ಸಿಕೊ ಗಡಿಯ ಒಪ್ಪಂದಗಳೂ ಅದರಲ್ಲಿ ವರ್ಷಗಳನ್ನು ತಿಂದವು.

ಕಾಗದದ ಕೆಲಸ

ರೇಡಿಯೊಗಳೆಲ್ಲ ಬದಲಾಗಿ ಲೈಸೆನ್ಸ್ ಬದಲಾಗದಿದ್ದರೆ ಎಫ್‌ಸಿಸಿಯ ಕಣ್ಣಲ್ಲಿ ಏನೂ ಬದಲಾಗಿಲ್ಲ. ಲೈಸೆನ್ಸಿನಲ್ಲಿ ಪ್ರತಿ ಆವರ್ತನದ ಎದುರು ಒಂದು ಸಂಕೇತ ಇರುತ್ತದೆ. 20ಕೆ0ಎಫ್3ಇ ಎಂದರೆ 20 ಕಿಲೋಹರ್ಟ್ಸ್ ಹಿಡಿಯುವ ಅನಲಾಗ್ ಎಫ್‌ಎಂ ಮಾತು, ಹಳೆಯ ವೈಡ್. 11ಕೆ2ಎಫ್3ಇ ಎಂದರೆ 11.2 ಕಿಲೋಹರ್ಟ್ಸ್, ನ್ಯಾರೋ. ಪೊಲೀಸ್ ಡಿಜಿಟಲ್ ಮಾನಕ ಪಿ25ರದು 8ಕೆ10ಎಫ್1ಇ. ‘ಕೆ’ ಅಕ್ಷರ ದಶಮಾಂಶ ಬಿಂದುವಿನ ಜಾಗದಲ್ಲಿ ಕೂತಿದೆ ಎಂದು ತಿಳಿದರೆ ಓದುವುದು ಸುಲಭ.

ಬದಲಾವಣೆ ಫಾರ್ಮ್ 601ರಲ್ಲಿ, ಆನ್‌ಲೈನ್‌ನಲ್ಲೇ. ಕೆಲಸ ಶುರುವಾಗುವ ಮೊದಲು ನ್ಯಾರೋ ಸಂಕೇತವನ್ನು ಸೇರಿಸಿ, ವೈಡ್ ಅನ್ನು ಹಾಗೇ ಬಿಡುವುದು. ಆಗ, 2013ರ ಗಡುವಿನವರೆಗೆ, ಪರಿವರ್ತನೆಯ ತಿಂಗಳುಗಳಲ್ಲಿ ಎರಡೂ ಸಕ್ರಮವಾಗಿರುತ್ತಿದ್ದವು. ಎಲ್ಲ ಮುಗಿದ ಮೇಲೆ ವೈಡ್ ಸಂಕೇತವನ್ನು ತೆಗೆಯುವುದು. ಅಗಲ ಕಡಿಮೆ ಮಾಡುವುದಷ್ಟೇ ಆದರೆ ಯಾರಿಗೆ ಯಾವ ಆವರ್ತನ ಹೊಂದುತ್ತದೆಂದು ನೋಡುವ ಆವರ್ತನ ಕೋಆರ್ಡಿನೇಟರ್‌ನ ಒಪ್ಪಿಗೆ ಬೇಕಿಲ್ಲ, ಸಾರ್ವಜನಿಕ ಸುರಕ್ಷತೆಯವರಿಗೆ ಎಫ್‌ಸಿಸಿ ಶುಲ್ಕವೂ ಇಲ್ಲ. ಆದರೂ ಬಹಳ ಲೈಸೆನ್ಸ್‌ಗಳಲ್ಲಿ ಈ ಕೊನೆಯ ಹೆಜ್ಜೆ ಉಳಿದುಬಿಡುತ್ತದೆ. ಪಕ್ಕದ ಹೊಸ ಚಾನೆಲ್‌ಗೆ ಅರ್ಜಿ ಹಾಕಿದವರಿಗೆ ಕಾಗದದ ಮೇಲೆ ಇನ್ನೂ ಒಂದು ವೈಡ್ ಬಳಕೆದಾರ ಅಡ್ಡ ನಿಂತಂತೆ ಕಾಣುತ್ತದೆ, ದೂರು ಹೋಗುತ್ತದೆ.

ಕಾಗದ ಮುಗಿದ ಮೇಲೆ ರೇಡಿಯೊಗಳನ್ನು ಇನ್ನೊಂದು ಸಲ ಕರೆಸಿ ಒಂದನೇ ಜ಼ೋನ್‌ನ ವೈಡ್ ಚಾನೆಲ್‌ಗಳನ್ನು ಅಳಿಸಬೇಕು. ಗುಬುಟನ್ನು ತಪ್ಪಾಗಿ ಒಂದು ಹಲ್ಲು ತಿರುಗಿಸಿದವರು ಮತ್ತೆ ಹಳೆಯ ಗೋಳಿಗೆ ಬೀಳದಿರಲಿ. ಹಾಗೆಯೇ ಸ್ಟೇಷನ್ನಿನ ಕಪಾಟು, ಮೀಸಲು ಫೈರ್ ಎಂಜಿನ್ನಿನ ಡ್ಯಾಶ್‌ಬೋರ್ಡಿನ ಕೆಳಗೆ, ನಿವೃತ್ತರಾದವರ ಮನೆಯ ಚಾರ್ಜರ್‌ನಲ್ಲಿ ಒಂದೊಂದು ರೇಡಿಯೊ ಉಳಿದಿರುತ್ತದೆ. ದೊಡ್ಡ ಬಿರುಗಾಳಿಯ ರಾತ್ರಿ ಸೆಟ್‌ಗಳು ಸಾಲದೆ ಹುಡುಕಿ ತೆಗೆಯುವುದು ಅವನ್ನೇ.